ಚದುರಂಗದ ಗ್ರಂಥಗಳೂ ಗಿಳಿಪಾಠವೂ

ಚದುರಂಗವನ್ನು ಕಲಿಯಹೊರಟ ಹುಡುಗನ ಕೈಗೆ ಒಬ್ಬ ಗ್ರಾಂಡ್‌ಮಾಸ್ಟರನ ಆಟಗಳ ಸಂಗ್ರಹವನ್ನು ಕೊಟ್ಟು, ಅದರಲ್ಲಿರುವುದನ್ನು ಅವನು ಬಾಯಿಪಾಠಮಾಡುವಂತೆ ನೋಡಿಕೊಂಡರೆ ಆಟವು ತಾನಾಗಿಯೇ ಒಲಿಯುವುದೆಂಬ ನಂಬಿಕೆಯು ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಬೇರೂರಿದೆ. ನೆಂಟರು ಬಂದಾಗ ಹುಡುಗನನ್ನು ನಡುಮನೆಗೆ ಕರೆಯುತ್ತಾರೆ. ಇಂಥವನು ಇಂಥ ವರ್ಷದಲ್ಲಿ ಇಂಥ ಊರಿನಲ್ಲಿ ಆಡಿದ ಆಟವನ್ನು ಒಪ್ಪಿಸೆನ್ನುತ್ತಾರೆ. ಅವನು ಉಸಿರು ಬಿಡದೆ ಇಪ್ಪತ್ತು ನಡೆಗಳನ್ನು ಒಪ್ಪಿಸಿದೊಡನೆ ಎಲ್ಲರೂ ತಲೆದೂಗುತ್ತಾರೆ. ಹದಿಮೂರನೆಯ ನಡೆಯಲ್ಲಿ ಒಂಟೆಯ ಬದಲಾಗಿ ಕುದುರೆಯನ್ನು ಏಕೆ ನಡೆಸಲಿಲ್ಲವೆಂದು ಕೇಳುವವರು ಆ ಸಭೆಯಲ್ಲಿ ಯಾರೂ ಇರುವುದಿಲ್ಲ. ಒಂದು ವೇಳೆ ಯಾರಾದರೂ ಕೇಳಿದರೆ, “ಪುಸ್ತಕದಲ್ಲಿ ಹಾಗೆಯೇ ಇದೆ” ಎಂಬ ಉತ್ತರ ಸಿದ್ಧವಾಗಿದೆ.

ಇದಕ್ಕೆ ಎದುರಾಗಿ ಇನ್ನೊಂದು ಪಕ್ಷವೂ ಹುಟ್ಟಿಕೊಂಡಿದೆ. ಗ್ರಂಥಗಳ ಕಾಲವೇ ಮುಗಿಯಿತೆಂಬುದು ಈ ಪಕ್ಷದವರ ವಾದ. 1997ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಕಾಸ್ಪರೋವನಂಥ ಜಗಜ್ಜೇತನನ್ನೇ ಒಂದು ಗಣಕಯಂತ್ರವು ಆರು ಆಟಗಳ ಪಂದ್ಯದಲ್ಲಿ ಸೋಲಿಸಿತು. ಇಂದು ಅದಕ್ಕಿಂತಲೂ ಬಲವಾದ ಯಂತ್ರವು ಪ್ರತಿಯೊಬ್ಬನ ಜೇಬಿನ ಮೊಬೈಲಿನಲ್ಲಿಯೇ ಅಡಗಿದೆ. ಹೀಗಿರುವಾಗ ಅರ್ಧ ಶತಮಾನದ ಹಿಂದೆ ಯಾವನೋ ಬರೆದ ಟಿಪ್ಪಣಿಗಳನ್ನು ತಡಕುವುದೇಕೆ, ಯಂತ್ರವನ್ನು ಕೇಳಿದರೆ ಅರೆಗಳಿಗೆಯಲ್ಲಿ ಸರಿಯಾದ ನಡೆ ದೊರೆಯುವುದಲ್ಲವೆ, ಎಂದು ಇವರು ಕೇಳುತ್ತಾರೆ.

ಈ ಎರಡು ಪಕ್ಷಗಳೂ ಒಂದನ್ನೊಂದು ಹಳಿಯುತ್ತವೆಯಾದರೂ ಎರಡರ ದೋಷವೂ ಒಂದೇ. ಗ್ರಂಥಪಕ್ಷದವನು ಪ್ರಾಮಾಣ್ಯವನ್ನು ಪುಸ್ತಕದಲ್ಲಿಟ್ಟನು, ಯಂತ್ರಪಕ್ಷದವನು ಯಂತ್ರದಲ್ಲಿಟ್ಟನು. ಕಲಿಯುವ ಮಗುವಿನ ಬುದ್ಧಿಯಲ್ಲಿ ಇಡತಕ್ಕದ್ದನ್ನು ಇಬ್ಬರೂ ಹೊರಗೇ ಬಿಟ್ಟರು. ಗ್ರಾಂಡ್‌ಮಾಸ್ಟರನ ಗ್ರಂಥವು ಒಪ್ಪಿಸುವುದಕ್ಕಾಗಿ ಇರುವ ಪಾಠವಲ್ಲ. ಅದು ಪೂರ್ವಪಕ್ಷ. ಅದರೊಡನೆ ವಾದಿಸದೆ ಅದರಿಂದ ಏನನ್ನೂ ಕಲಿಯಲಾಗದು.

“ಪಾಠಶಾಲೆಗಳಲ್ಲಿ ಕಂಠಪಾಠವೇ ಪ್ರಧಾನವಾಗಿರಲಿಲ್ಲವೆ? ಅಮರವನ್ನೂ ಶಬ್ದರೂಪಗಳನ್ನೂ ಗಟ್ಟಿಮಾಡಿಸಿದವರು ಈಗ ಕಂಠಪಾಠವನ್ನು ಹಳಿಯುವುದು ಹೇಗೆ?” ಎಂದು ಯಾರಾದರೂ ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಕಣಜವನ್ನು ತುಂಬುವುದು ಬೇರೆ, ಅಡಿಗೆ ಮಾಡುವುದು ಬೇರೆ. ತರ್ಕಸಂಗ್ರಹವನ್ನು ಗಟ್ಟಿಮಾಡಿದ ವಿದ್ಯಾರ್ಥಿಯನ್ನು ಮರುದಿನವೇ ಯಾರೂ ತಾರ್ಕಿಕನೆಂದು ಕರೆಯುತ್ತಿರಲಿಲ್ಲ, ಅವನನ್ನು ವಾಕ್ಯಾರ್ಥಕ್ಕೆ ಕೂರಿಸಿ, ಲಕ್ಷಣದಲ್ಲಿ ಅತಿವ್ಯಾಪ್ತಿಯನ್ನು ತೋರಿಸಿ, “ಈಗ ಏನು ಹೇಳುವೆ?” ಎಂದು ಕೇಳುತ್ತಿದ್ದರು. ಅಲ್ಲಿ ಬಾಯಿ ಕಟ್ಟಿದವನಿಗೆ ಗಟ್ಟಿಮಾಡಿದ ಗ್ರಂಥವು ಯಾವ ಪ್ರಯೋಜನಕ್ಕೂ ಬರುತ್ತಿರಲಿಲ್ಲ. ಚದುರಂಗಕ್ಕೇ ಹತ್ತಿರವಾದ ನಿದರ್ಶನ ಬೇಕಾದರೆ ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ರಚಿಸಿರುವ ತುರಗಪದಬಂಧವನ್ನು ನೋಡಬಹುದು. ಆ ಶ್ಲೋಕದ ಮೂವತ್ತೆರಡು ಅಕ್ಷರಗಳನ್ನು ಅರ್ಧ ಹಾಸಿನ ಮೂವತ್ತೆರಡು ಮನೆಗಳಲ್ಲಿ ಬರೆದು ಕುದುರೆಯ ನಡೆಯಿಂದ ಓದಿದರೂ ಅದೇ ಶ್ಲೋಕವು ಹೊರಡುತ್ತದೆ. ಆ ಶ್ಲೋಕವನ್ನು ಬಾಯಿಪಾಠಮಾಡಿದವನಿಗೆ ಕುದುರೆಯನ್ನು ಅರ್ಧ ಹಾಸಿನಲ್ಲಿ ಸುತ್ತಿಸುವ ಒಂದು ಮಾರ್ಗವು ತಿಳಿಯಿತು, ದಿಟ. ಆದರೆ ಎದುರಾಳಿಯು ಒಂದು ಕಾಲಾಳನ್ನು ಅಡ್ಡ ನಿಲ್ಲಿಸಿದೊಡನೆ ಅವನ ಶ್ಲೋಕವು ಅಲ್ಲಿಗೇ ನಿಲ್ಲುವುದು.

ಹಾಗಾದರೆ ಉತ್ತಮವಾದ ಗ್ರಂಥವೆಂದರೆ ಯಾವುದು, ಅದನ್ನು ಓದುವ ಬಗೆ ಹೇಗೆ? ಅಮೆರಿಕದ ಬಾಬಿ ಫಿಷರನು 1969ರಲ್ಲಿ ಪ್ರಕಟಿಸಿದ, ತನ್ನ ಅರುವತ್ತು ಸ್ಮರಣೀಯ ಆಟಗಳ ಗ್ರಂಥವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಆತನು ಜಗಜ್ಜೇತನಾದದ್ದು 1972ರಲ್ಲಿ, ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ಸ್ಪಾಸ್ಕಿಯನ್ನು ಸೋಲಿಸಿ. ಗ್ರಂಥವು ಅದಕ್ಕಿಂತ ಮೊದಲಿನದು, ಅದರ ಆಟಗಳು 1957ರಿಂದ 1967ರವರೆಗಿನವು. ಸಾಮಾನ್ಯವಾಗಿ ಆಟಗಾರರು ತಮ್ಮ ಸಂಗ್ರಹಗಳಲ್ಲಿ ಗೆಲವುಗಳನ್ನು ಮಾತ್ರ ಮೆರೆಸುತ್ತಾರೆ. ಫಿಷರನಾದರೋ ಒಂಬತ್ತು ಸಮನಾದ ಆಟಗಳನ್ನೂ ಮೂರು ಸೋಲುಗಳನ್ನೂ ಸೇರಿಸಿದನು. ಹದಿಮೂರನೆಯ ವಯಸ್ಸಿನಲ್ಲಿ, 1956ರಲ್ಲಿ, ಡೊನಾಲ್ಡ್ ಬರ್ನನ ಮೇಲೆ ಮಂತ್ರಿಯನ್ನೇ ಬಲಿಕೊಟ್ಟು ಗೆದ್ದ, ಲೋಕವೆಲ್ಲ ಕೊಂಡಾಡಿದ ಆಟವನ್ನು ಮಾತ್ರ ಸೇರಿಸಲಿಲ್ಲ! ಅಹಂಕಾರಕ್ಕೆ ಹೆಸರಾದ ಮನುಷ್ಯನಲ್ಲಿ ಇಂಥ ಆಯ್ಕೆಯನ್ನು ಯಾರು ತಾನೆ ನಿರೀಕ್ಷಿಸುತ್ತಿದ್ದರು?

ಆ ಗ್ರಂಥದ ಮೂವತ್ತೊಂಬತ್ತನೆಯ ಆಟವೊಂದನ್ನೇ ಸರಿಯಾಗಿ ಓದಿದವನಿಗೆ ಈ ಲೇಖನವು ಅನಾವಶ್ಯಕವಾಗುವುದು. 1962ರಲ್ಲಿ ಬಲ್ಗೇರಿಯದ ವಾರ್ನಾ ನಗರದ ಒಲಿಂಪಿಯಾಡಿನಲ್ಲಿ ಹತ್ತೊಂಬತ್ತು ವರ್ಷದ ಫಿಷರನೂ ಆಗ ಜಗಜ್ಜೇತನಾಗಿದ್ದ ಸೋವಿಯತ್ ದೇಶದ ಬೊಟ್ವಿನ್ನಿಕನೂ ಎದುರುಬದುರಾಗಿ ಕುಳಿತರು. ಬೊಟ್ವಿನ್ನಿಕನು ಮನೆಯಲ್ಲಿ ಮೊದಲೇ ಶೋಧಿಸಿಟ್ಟುಕೊಂಡಿದ್ದ ಮಾರ್ಗದಲ್ಲಿಯೇ ಆಟವನ್ನು ಒಯ್ದನು. ಆದರೆ ಹದಿನೇಳನೆಯ ನಡೆಯಲ್ಲಿ ಫಿಷರನು ಮಂತ್ರಿಯಿಂದ ಹೊಡೆದ ಒಂದು ಹೊಡೆತವು ಆ ಶೋಧನೆಯಲ್ಲಿ ಇರಲೇ ಇಲ್ಲ. ಲೋಕದಲ್ಲಿ ಶಾಸ್ತ್ರೀಯ ಶೋಧನೆಗೆ ಮಾದರಿಯೆನಿಸಿದವನ ಲೆಕ್ಕವೇ ತಪ್ಪಿತು. ಫಿಷರನಿಗೆ ಒಂದು ಕಾಲಾಳು ಹೆಚ್ಚಾಗಿ ದೊರೆಯಿತು. ಆಟವು ಮುಗಿಯದೆ ಮುಂದಕ್ಕೆ ನಿಂತಿತು. ರಾತ್ರಿಯೆಲ್ಲ ಸೋವಿಯತ್ ತಂಡದವರು ನಿದ್ದೆಗೆಟ್ಟು ಹುಡುಕಿದರು, ಗೆಲ್ಲರ್ ಎಂಬ ಗ್ರಾಂಡ್‌ಮಾಸ್ಟರನಿಗೆ ಆನೆಗಳ ಅಂತ್ಯಾಟದಲ್ಲಿ ಪಾರಾಗುವ ಒಂದು ಉಪಾಯವು ಹೊಳೆಯಿತು, ಆಟವು ಸಮವಾಯಿತು.

ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಫಿಷರನು ತನ್ನ ಗ್ರಂಥದಲ್ಲಿ, ಅಂತ್ಯದಲ್ಲಿ ತಾನು ಒಂದು ನಡೆಯನ್ನು ಬೇರೆಯಾಗಿ ಆಡಿದ್ದರೆ ಗೆಲವು ತನ್ನದೇ ಆಗಿತ್ತೆಂದು ಶಾಖೋಪಶಾಖೆಗಳಾಗಿ ವಿವರಿಸಿದನು. ಬೊಟ್ವಿನ್ನಿಕನು ಅದನ್ನು ಒಪ್ಪಲಿಲ್ಲ; ತನ್ನ ಶಾಲೆಯ ಮಕ್ಕಳಿಗೆ ಅದೇ ಸ್ಥಿತಿಯನ್ನು ಮನೆಪಾಠವಾಗಿ ಕೊಟ್ಟನು. ಫಿಷರನ ವಾದಕ್ಕೆ ಪ್ರತ್ಯುತ್ತರವಾಗಿ ಸಮಮಾಡಿಕೊಳ್ಳುವ ದಾರಿಯೊಂದನ್ನು ಕಂಡುಹಿಡಿದವನು ಆ ಶಾಲೆಯ ಹದಿಮೂರು ವರ್ಷದ ಒಬ್ಬ ಬಾಲಕ. ಅವನ ಹೆಸರು ಗ್ಯಾರಿ ಕಾಸ್ಪರೋವ್.

ಇಲ್ಲಿ ಗಮನಿಸಬೇಕಾದುದೇನು? ಆ ಬಾಲಕನ ಮುಂದಿದ್ದದ್ದು ಜಗಜ್ಜೇತನಾದವನ ಅಚ್ಚಾದ ಮಾತು. “ಫಿಷರನೇ ಹೇಳಿದ್ದಾನೆ” ಎಂದು ಅವನು ಒಪ್ಪಿಸಿಬಿಟ್ಟಿದ್ದರೆ ನೆಂಟರು ತಲೆದೂಗುತ್ತಿದ್ದರು. ಅವನ ಗುರುವು ಒಪ್ಪಿಸಲು ಹೇಳಲಿಲ್ಲ, ಒಡೆದು ನೋಡಲು ಹೇಳಿದನು. ಬೊಟ್ವಿನ್ನಿಕನು ಎಲ್ಲ ಆಟಗಾರರಿಗೂ ಕೊಡುತ್ತಿದ್ದ ಉಪದೇಶವೂ ಇದೇ ಜಾತಿಯದು: ನಿನ್ನ ಆಟಗಳನ್ನು ನೀನೇ ಶೋಧಿಸು, ಆ ಶೋಧನೆಯನ್ನು ಅಚ್ಚುಹಾಕಿಸು, ಪರರು ಅದನ್ನು ಖಂಡಿಸಲಿ. ತನ್ನ ಟಿಪ್ಪಣಿಯು ಖಂಡನೆಗೊಳಗಾಗಲೆಂದೇ ಬರೆಯುವವನ ಗ್ರಂಥವನ್ನು ಪೂಜೆಗಿಟ್ಟು ಕಂಠಪಾಠಮಾಡುವುದು ಗ್ರಂಥಕಾರನಿಗೆ ಮಾಡುವ ಅಪಚಾರವೇ ಸರಿ.

ಗ್ರಂಥಕಾರರ ಮಾತನ್ನು ಕಣ್ಣುಮುಚ್ಚಿ ನಂಬಬಾರದೆಂಬುದಕ್ಕೆ ಇನ್ನೂ ಕಟುವಾದ ಸಾಕ್ಷಿಯುಂಟು. ಅಲೆಖಿನನ ಉತ್ತಮ ಆಟಗಳ ಸಂಗ್ರಹವು 1927ರಲ್ಲಿ ಇಂಗ್ಲಿಷಿನಲ್ಲಿ ಹೊರಬಿದ್ದಂದಿನಿಂದ ಎಷ್ಟು ತಲೆಮಾರುಗಳಿಗೆ ಗುರುವಾಗಿದೆಯೆಂಬುದನ್ನು ಹೇಳಬೇಕಾದುದಿಲ್ಲ. ಅದರಲ್ಲಿ ಐದು ಮಂತ್ರಿಗಳು ಏಕಕಾಲದಲ್ಲಿ ಹಾಸಿನ ಮೇಲೆ ನಿಲ್ಲುವ ಒಂದು ಅದ್ಭುತವಾದ ಆಟವು 1915ರಲ್ಲಿ ಮಾಸ್ಕೋದಲ್ಲಿ ನಡೆದದ್ದೆಂದು ಹೇಳಲ್ಪಟ್ಟಿದೆ. ಚದುರಂಗದ ಇತಿಹಾಸವನ್ನು ಶೋಧಿಸಿದವರು ಕಂಡುಕೊಂಡದ್ದೇನೆಂದರೆ, ಗ್ರಿಗೋರಿಯೇವನೊಡನೆ ನಿಜವಾಗಿ ನಡೆದ ಆಟವು ಬೇರೆ. ಐದು ಮಂತ್ರಿಗಳ ವೈಭವವೆಲ್ಲ ಟಿಪ್ಪಣಿಯ ಒಂದು ಶಾಖೆಯಲ್ಲಿ ಹುಟ್ಟಿದ್ದು. ಶಾಖೆಯು ಸುಂದರವಾಗಿದೆ, ಅದರಿಂದ ಕಲಿಯುವುದೂ ಉಂಟು. ಆದರೆ ಅದನ್ನು ನಡೆದ ಕಥೆಯೆಂದು ಒಪ್ಪಿಸುವ ಹುಡುಗನು ಕಲಿತದ್ದು ಚದುರಂಗವನ್ನೋ ಪುರಾಣವನ್ನೋ?

ಇನ್ನು ಯಂತ್ರಪಕ್ಷದವರ ಮಾತು. ಯಂತ್ರದ ಲೆಕ್ಕವು ಮನುಷ್ಯನ ಲೆಕ್ಕಕ್ಕಿಂತ ನಿರ್ದುಷ್ಟವೆಂಬುದರಲ್ಲಿ ವಿವಾದವಿಲ್ಲ. ಅದು ಒಂದು ಅಂಕೆಯನ್ನು ತೋರಿಸುತ್ತದೆ: ಬಿಳಿಯವನಿಗೆ ಇಷ್ಟು ಮೇಲುಗೈ, ಕರಿಯವನಿಗೆ ಇಷ್ಟು. ಗಣಿತದ ಪುಸ್ತಕದ ಕೊನೆಯಲ್ಲಿ ಉತ್ತರಗಳನ್ನು ಅಚ್ಚುಹಾಕಿರುತ್ತಾರಲ್ಲವೆ, ಅದೂ ಅಂಥದೇ. ಉತ್ತರವು ಸರಿಯಾಗಿಯೇ ಇದೆ. ಆದರೆ ಲೆಕ್ಕಕ್ಕೆ ಮೊದಲು ಉತ್ತರದ ಪುಟವನ್ನು ತಿರುವುವ ಹುಡುಗನು ಗಣಿತದಲ್ಲಿ ಏನಾಗುವನೆಂಬುದನ್ನು ಯಾವ ಉಪಾಧ್ಯಾಯನನ್ನು ಕೇಳಿದರೂ ಹೇಳಿಯಾನು.

ಗ್ರಂಥದಲ್ಲಿ ದೊರೆಯುವುದು ಅಂಕೆಯಲ್ಲ, ಒಂದು ಮನಸ್ಸಿನ ಹೋರಾಟ. ಫಿಷರನು ಹನ್ನೊಂದು ಆಟಗಳಲ್ಲಿ ಹನ್ನೊಂದನ್ನೂ ಗೆದ್ದ 1963–64ರ ಅಮೆರಿಕದ ಪಂದ್ಯದಲ್ಲಿ ರಾಬರ್ಟ್ ಬರ್ನನು ಅವನಿಗೆ ಸೋಲನ್ನೊಪ್ಪಿ ಎದ್ದಾಗ, ಪಕ್ಕದ ಕೋಣೆಯಲ್ಲಿ ಪ್ರೇಕ್ಷಕರಿಗೆ ಆಟವನ್ನು ವಿವರಿಸುತ್ತಿದ್ದ ಗ್ರಾಂಡ್‌ಮಾಸ್ಟರರು ಬರ್ನನೇ ಗೆಲ್ಲುತ್ತಿರುವನೆಂದು ಭಾವಿಸಿದ್ದರು! ಅಷ್ಟು ನಿಪುಣರ ಕಣ್ಣಿಗೂ ಕಾಣದಿದ್ದುದು ಏನು, ಹಾಸಿನ ಮುಂದೆ ಕುಳಿತ ಇಬ್ಬರಿಗೆ ಮಾತ್ರ ಅದು ಕಂಡುದು ಹೇಗೆ? ಈ ಪ್ರಶ್ನೆಯು ಹುಡುಗನನ್ನು ಒಂದು ಸಂಜೆಯೆಲ್ಲ ಹಾಸಿನ ಮುಂದೆ ಕೂರಿಸಬಲ್ಲುದು. ಯಂತ್ರವನ್ನು ಕೇಳಿದರೆ ಪ್ರಶ್ನೆಯೇ ಹುಟ್ಟುವ ಮೊದಲು ಸತ್ತುಹೋಗುವುದು. ಲಾಟ್ವಿಯದ ಮಿಖಾಯಿಲ್ ತಾಲನು ತನ್ನ ಜೀವನದ ಮತ್ತು ಆಟಗಳ ಗ್ರಂಥದಲ್ಲಿ ಬರೆದಿರುವ ಸಂಗತಿಯೊಂದು ಇದಕ್ಕಿಂತಲೂ ಸ್ವಾರಸ್ಯವಾದದ್ದು. ವಾಸ್ಯುಕೋವನೊಡನೆ ಆಡುತ್ತ, ಕುದುರೆಯನ್ನು ಬಲಿಕೊಡುವುದೋ ಬೇಡವೋ ಎಂದು ಲೆಕ್ಕಹಾಕುವಾಗ, ಕೆಸರಿನಲ್ಲಿ ಸಿಕ್ಕಿದ ನೀರುಕುದುರೆಯನ್ನು ಎಳೆದು ತೆಗೆಯುವುದು ಹೇಗೆಂಬ ಯೋಚನೆಯು ಅವನ ತಲೆಹೊಕ್ಕಿತು. ಎಷ್ಟು ಯೋಚಿಸಿದರೂ ಅದನ್ನು ಎತ್ತಲಾಗಲಿಲ್ಲ. ಮುಳುಗಿದರೆ ಮುಳುಗಲೆಂದು ಬಿಟ್ಟು ಹಾಸಿನ ಕಡೆ ತಿರುಗಿದಾಗ, ಇಲ್ಲಿ ಲೆಕ್ಕವು ಪೂರ್ತಿಯಾಗದೆಂದು ಹೊಳೆದು, ಅಂತಃಸ್ಫೂರ್ತಿಯಿಂದ ಬಲಿಕೊಟ್ಟನು. ಮರುದಿನದ ಪತ್ರಿಕೆಯಲ್ಲಿ, ತಾಲನು ನಲವತ್ತು ನಿಮಿಷಗಳ ಕಾಲ ಸೂಕ್ಷ್ಮವಾಗಿ ಲೆಕ್ಕಹಾಕಿ ಬಲಿಕೊಟ್ಟನೆಂದು ಬಂದಿತು! ಎಲ್ಲಿಯವರೆಗೆ ಲೆಕ್ಕಹಾಕಬೇಕು, ಎಲ್ಲಿ ಲೆಕ್ಕವನ್ನು ಬಿಟ್ಟು ಧೈರ್ಯಮಾಡಬೇಕು ಎಂಬುದನ್ನು ಕಲಿಸುವ ಇಂಥ ಮಾತು ಯಾವ ಯಂತ್ರದ ಅಂಕೆಯಲ್ಲಿದೆ?

ಇದು ಹಳೆಯ ಕಾಲದವರ ಹಳಹಳಿಕೆಯೆಂದು ಯಂತ್ರಪಕ್ಷದವರು ನಗಬಹುದು. ಅವರು 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಚೀನದ ಡಿಂಗ್ ಲಿರೆನನನ್ನು ಸೋಲಿಸಿ ಹದಿನೆಂಟನೆಯ ವಯಸ್ಸಿನಲ್ಲಿಯೇ ಜಗಜ್ಜೇತನಾದ ಚೆನ್ನೈನ ಗುಕೇಶನ ಶಿಕ್ಷಣವನ್ನು ನೋಡಲಿ. ಅವನ ಗುರುಗಳಾದ ವಿಷ್ಣುಪ್ರಸನ್ನರು, ಶಿಷ್ಯನ ರೇಟಿಂಗು 2500ನ್ನು ದಾಟುವವರೆಗೆ ಯಂತ್ರವನ್ನು ಅವನ ಅಭ್ಯಾಸದಿಂದ ದೂರವಿಟ್ಟಿದ್ದರು. ಆಮೇಲೆ ಯಂತ್ರವೂ ಬಂದಿತು. ಇಂದಿನ ಸ್ಪರ್ಧೆಯಲ್ಲಿ ಅದಿಲ್ಲದೆ ನಡೆಯುವಂತಿಲ್ಲ. ಆದರೆ ಮೊದಲು ಬುದ್ಧಿ, ಆಮೇಲೆ ಯಂತ್ರ ಎಂಬ ಕ್ರಮವು ತಪ್ಪಲಿಲ್ಲ. ನಮ್ಮ ಮನೆಗಳಲ್ಲಿಯಾದರೋ ಕಾಲಾಳಿನ ನಡೆಯನ್ನು ಕಲಿತ ಮರುವಾರವೇ ಮಗುವಿನ ಕೈಗೆ ಯಂತ್ರವು ಬರುತ್ತದೆ.

ಗ್ರಂಥವನ್ನು ಓದುವ ವಿಧಾನವು ಕಷ್ಟವೇನೂ ಅಲ್ಲ, ಬೇಸರದ್ದು, ಅಷ್ಟೆ. ಹಾಸನ್ನು ಹರಡಬೇಕು. ಪುಟದ ಮೇಲೆ ಒಂದು ರಟ್ಟನ್ನಿಟ್ಟು ಮುಂದಿನ ನಡೆಯನ್ನು ಮುಚ್ಚಬೇಕು. ಹುಡುಗನು ತಾನಾಗಿದ್ದರೆ ಯಾವ ನಡೆಯನ್ನು ಆಡುತ್ತಿದ್ದನೆಂಬುದನ್ನೂ ಕಾರಣವನ್ನೂ ಒಂದು ನೋಟುಪುಸ್ತಕದಲ್ಲಿ ಬರೆಯಬೇಕು. ಆಮೇಲೆ ರಟ್ಟನ್ನು ಸರಿಸಬೇಕು. ಗ್ರಾಂಡ್‌ಮಾಸ್ಟರನ ನಡೆಯೂ ತನ್ನ ನಡೆಯೂ ಬೇರೆಯಾದಲ್ಲಿ, “ಅವನು ದೊಡ್ಡವನು, ಆದ್ದರಿಂದ ಸರಿ” ಎಂದು ಮುಂದಕ್ಕೆ ಹೋಗಕೂಡದು. ತನ್ನ ನಡೆಯನ್ನು ಆಡಿದರೆ ಎದುರಾಳಿಯು ಏನು ಮಾಡುತ್ತಿದ್ದನೆಂದು ಹಾಸಿನ ಮೇಲೆ ಆಡಿಯೇ ನೋಡಬೇಕು. ಎಲ್ಲ ಮುಗಿದ ಮೇಲೆ ಬೇಕಾದರೆ ಯಂತ್ರವನ್ನು ಕೇಳಲಿ. ಆಗ ಯಂತ್ರವು ಮಧ್ಯಸ್ಥನಾಗಿ ಬರುತ್ತದೆ.

“ಹೀಗೆ ಓದಿದರೆ ಒಂದು ಆಟಕ್ಕೆ ಮೂರು ಸಂಜೆಗಳು ಬೇಕು, ಅರುವತ್ತು ಆಟಗಳಿಗೆ ಅರ್ಧ ವರ್ಷ. ಅಷ್ಟರೊಳಗೆ ಪಕ್ಕದ ಮನೆಯ ಹುಡುಗನು ಇನ್ನೂರು ಆಟಗಳನ್ನು ಒಪ್ಪಿಸುವನಲ್ಲಾ!” ಎಂದು ತಂದೆಯರು ಚಿಂತಿಸುತ್ತಾರೆ. ಒಪ್ಪಿಸಲಿ. ಆ ಹುಡುಗನನ್ನು ಒಂದು ದಿನ ಮನೆಗೆ ಕರೆದು, ಇಬ್ಬರನ್ನೂ ಹಾಸಿನ ಮುಂದೆ ಕೂರಿಸಿ, ಯಾವ ಪುಸ್ತಕದಲ್ಲಿಯೂ ಇಲ್ಲದ ಒಂದು ಸ್ಥಿತಿಯಲ್ಲಿ ಕಾಯಿಗಳನ್ನು ಇಟ್ಟುಕೊಟ್ಟು, ದೊಡ್ಡವರು ಮಾತನಾಡದೆ ಪಕ್ಕದಲ್ಲಿ ಕುಳಿತು ನೋಡಲಿ. ಅರುವತ್ತು ಆಟಗಳಲ್ಲಿ ಎಲ್ಲಿಂದ ಪ್ರಾರಂಭಿಸಬೇಕೆಂದು ಕೇಳುವವರಿಗೆ ಉತ್ತರವು ಗ್ರಂಥದಲ್ಲಿಯೇ ಇದೆ: ಫಿಷರನು ಸೋತ ಆ ಮೂರು ಆಟಗಳಿಂದ.