'ಅನುಭವ: ಇಲ್ಲ' ಎಂದು ಬರೆಯಬೇಡಿ



ಡಿಗ್ರಿ ಮುಗಿಸಿದ ನಮ್ಮ ಹಾಸ್ಟೆಲ್ ಹುಡುಗರು ಕೆಲಸದ ಅರ್ಜಿ ತುಂಬುವಾಗ ಒಂದು ಕಾಲಂ ಬಂದ ಕೂಡಲೇ ಪೆನ್ನು ನಿಲ್ಲಿಸುತ್ತಾರೆ. 'ಅನುಭವ ಮತ್ತು ವಿಶೇಷ ಸಾಮರ್ಥ್ಯ' ಎಂಬ ಕಾಲಂ ಅದು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು 'ಇಲ್ಲ' ಎಂದು ಬರೆದು ಕೆಳಗೆ ಸಹಿ ಹಾಕಿಬಿಡುತ್ತಾರೆ. ಯಾಕ್ರಪ್ಪಾ ಹಿಂಗೆ ಬರೆದ್ರಿ ಅಂದರೆ, 'ನಮಗೇನ್ ಬರುತ್ತೆ ಸಾರ್, ಬಿ.ಎ. ಮಾಡಿದ್ದೀವಿ ಅಷ್ಟೇ' ಎನ್ನುತ್ತಾರೆ. ಈ 'ಇಲ್ಲ' ಎಂಬುದನ್ನು ನಮ್ಮ ಕೈಲಿ ಬರೆಸುತ್ತಿರುವವರು ಯಾರು ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ನಮ್ಮ ಹಿರಿಯರಿಗೆ ಏನೂ ಬರುತ್ತಿರಲಿಲ್ಲವೇ? ಚರ್ಮ ಹದ ಮಾಡುವವನಿಗೆ ಸುಣ್ಣ ಎಷ್ಟು, ತಂಗಡಿ ಚಕ್ಕೆ ಎಷ್ಟು, ಎಷ್ಟು ದಿನ ನೆನೆಯಬೇಕು ಎಂಬ ಲೆಕ್ಕ ಬಾಯಲ್ಲೇ ಇತ್ತು. ಕೆರೆಯ ತೂಬು ಎಷ್ಟು ಎತ್ತಿದರೆ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹೋಗುತ್ತದೆ ಎಂಬುದು ನೀರುಗಂಟಿಗೆ ಗೊತ್ತಿತ್ತು. ಊರಿನ ಗಡಿಕಲ್ಲುಗಳನ್ನು ತೋಟಿ, ತಳವಾರರು ಕಣ್ಣು ಮುಚ್ಚಿ ತೋರಿಸುತ್ತಿದ್ದರು. ಇದನ್ನೇ ಕಾಲೇಜಿನಲ್ಲಿ ಕಲಿತವನು ಹೇಳಿದರೆ ರಸಾಯನಶಾಸ್ತ್ರ, ನೀರಾವರಿ, ಸರ್ವೆ ಎಂಬ ದೊಡ್ಡ ಹೆಸರುಗಳು. ನಮ್ಮ ಅಪ್ಪ, ತಾತ ಮಾಡಿದರೆ ಚಾಕರಿ, ಅದೂ ಬಿಟ್ಟಿ ಚಾಕರಿ. ದುಡಿಯುವುದು ನಮ್ಮ ಪಾಲಿಗೆ, ಆ ದುಡಿಮೆಗೆ ಹೆಸರಿಟ್ಟು ಬೆಲೆ ಕಟ್ಟುವುದು ಅವರ ಪಾಲಿಗೆ. ಸಾವಿರಾರು ವರ್ಷಗಳ ಈ ಪಾಠವೇ ಇವತ್ತು ಅರ್ಜಿಯ ಕಾಲಂನಲ್ಲಿ 'ಇಲ್ಲ' ಆಗಿ ಇಳಿಯುತ್ತಿದೆ.

ಹಾಸ್ಟೆಲಿನಲ್ಲಿ ನಾವು ಏನೇನು ಮಾಡಿದ್ದೇವೆ, ಒಮ್ಮೆ ಎಣಿಸಿ ನೋಡಿ. ಮೆಸ್ ಕಮಿಟಿಯಲ್ಲಿ ಕೂತು ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕ ಇಟ್ಟಿದ್ದೇವೆ. ಬೇಳೆಗೆ ನೀರು ಹೆಚ್ಚಾದಾಗ ಸ್ಟಾಕ್ ಬುಕ್ ತೆಗೆಸಿ ವಾರ್ಡನ್ ಮುಂದೆ ತಪ್ಪು ತೋರಿಸಿದ್ದೇವೆ. ಸ್ಕಾಲರ್‌ಶಿಪ್ ತಡವಾದಾಗ ಜಿಲ್ಲಾ ಕಚೇರಿಗೆ ಮನವಿ ಬರೆದು, ಅಲ್ಲಿನ ಸಾಹೇಬರ ಎದುರು ನಿಂತು ಮಾತಾಡಿದ್ದೇವೆ. ಏಪ್ರಿಲ್ 14ರ ಜಯಂತಿಗೆ ಚಂದಾ ಎತ್ತಿ, ರಸೀದಿ ಹರಿದು, ಪೆಂಡಾಲ್, ಮೈಕು, ಊಟ ಎಲ್ಲ ಹೊಂದಿಸಿ, ಕೊನೆಗೆ ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಿದ್ದೇವೆ. ಜಗಳಕ್ಕೆ ನಿಂತ ಎರಡು ಗುಂಪುಗಳನ್ನು ಕೂರಿಸಿ ರಾಜಿ ಮಾಡಿದ್ದೇವೆ. ರಜೆಯಲ್ಲಿ ಗಾರೆ ಕೆಲಸ, ಹೋಟೆಲ್ ಕೆಲಸ ಮಾಡಿ ಪರೀಕ್ಷೆಯ ಫೀಸು ಕಟ್ಟಿದ್ದೇವೆ. ಹಾಸ್ಟೆಲಿನ ಹೆಣ್ಣುಮಕ್ಕಳು ಇಷ್ಟನ್ನೂ ಮಾಡಿ, ಮನೆಯ ವಿರೋಧವನ್ನೂ ಗೆದ್ದು ಬಂದಿದ್ದಾರೆ. ಇದನ್ನೇ ಉಳ್ಳವರ ಮನೆಯ ಹುಡುಗ ಮಾಡಿದ್ದರೆ ನಾಯಕತ್ವ, ಸಂಘಟನಾ ಶಕ್ತಿ, ಹಣಕಾಸು ನಿರ್ವಹಣೆ ಅಂತ ಮೂರು ಹಾಳೆ ಟೈಪು ಮಾಡಿಸುತ್ತಿದ್ದ.

ಹಾಗಾದರೆ ಬರೆಯುವುದು ಹೇಗೆ? 'ನಾನು ಶ್ರಮಜೀವಿ, ಪ್ರಾಮಾಣಿಕ' ಎಂದು ಬರೆದರೆ ಯಾರೂ ಓದುವುದಿಲ್ಲ, ಎಲ್ಲರೂ ಅದನ್ನೇ ಬರೆಯುತ್ತಾರೆ. ಏನು ಮಾಡಿದೆ, ಎಷ್ಟು ಜನರಿಗಾಗಿ, ಎಷ್ಟು ಕಾಲ, ಅದರಿಂದ ಏನಾಯಿತು ಎಂಬ ನಾಲ್ಕಕ್ಕೆ ಉತ್ತರ ಕೊಡಿ. 'ನೂರು ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಎರಡು ವರ್ಷ ಮೆಸ್ ಲೆಕ್ಕ ನೋಡಿಕೊಂಡೆ, ಪ್ರತಿ ತಿಂಗಳು ಲೆಕ್ಕ ಓದಿ ಒಪ್ಪಿಗೆ ಪಡೆದೆ' ಎಂಬ ಒಂದು ಸಾಲು ಹತ್ತು ಹೊಗಳಿಕೆಗೆ ಸಮ. ಕಂಪನಿಗೆ ಲೆಕ್ಕದವನು ಬೇಕಿದ್ದರೆ ಮೆಸ್ ಲೆಕ್ಕ ಮೊದಲು ಬರಲಿ. ಜನರ ಜೊತೆ ಓಡಾಡುವವನು ಬೇಕಿದ್ದರೆ ಮನವಿ, ಸಭೆಗಳ ಕೆಲಸ ಮೊದಲು ಬರಲಿ. ಒಂದಕ್ಷರವೂ ಸುಳ್ಳು ಬೇಡ. ನಮ್ಮ ನಿಜವೇ ಸಾಕಷ್ಟಿದೆ.

'ನಿಮ್ಮ ತಂದೆ ಏನ್ ಮಾಡ್ತಾರೆ?' ಎಂದು ಕೇಳಿಯೇ ಕೇಳುತ್ತಾರೆ. ತಲೆ ತಗ್ಗಿಸಬೇಡಿ. 'ಕೂಲಿ ಮಾಡ್ತಾರೆ ಸಾರ್, ಆ ದುಡಿಮೆಯಿಂದಲೇ ಓದಿದ್ದೀನಿ. ನನ್ನ ಕೆಲಸದ ಬಗ್ಗೆ ಹೇಳ್ತೀನಿ' ಎಂದು ಮಾತನ್ನು ನಿಮ್ಮ ಕಡೆಗೆ ತಿರುಗಿಸಿ. ಇಂಗ್ಲಿಷಿನ ಹೆದರಿಕೆ ಇದ್ದರೆ ನಿಮ್ಮ ಕೆಲಸವನ್ನು ಹೇಳುವ ಹತ್ತು ವಾಕ್ಯಗಳನ್ನು ಕಲಿತು, ರೂಮಿನವರ ಎದುರು ನಾಲಿಗೆ ಹೊರಳುವ ತನಕ ಹೇಳಿ.

ನಮ್ಮಲ್ಲೇ ಕೆಲವು ಗೆಳೆಯರು ಕೇಳುತ್ತಾರೆ: 'ಬಂಡವಾಳಗಾರನ ಮುಂದೆ ನಮ್ಮನ್ನು ನಾವೇ ಹರಾಜಿಗೆ ಇಟ್ಟುಕೊಳ್ಳೋದು ಯಾವ ಚಳವಳಿ?' ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಹೆಸರಿಲ್ಲದೆ, ಬೆಲೆಯಿಲ್ಲದೆ ದುಡಿಸಿಕೊಂಡದ್ದೇ ಜೀತ. 1976ರ ಕಾಯಿದೆ ಜೀತವನ್ನು ರದ್ದು ಮಾಡಿತು. ನನಗೆ ಇಂಥದ್ದು ಬರುತ್ತದೆ, ಅದಕ್ಕೆ ಇಷ್ಟು ಸಂಬಳ ಕೊಡಿ ಎಂದು ಬಾಯಿ ಬಿಟ್ಟು ಕೇಳುವುದು ಜೀತದ ಮನಸ್ಸನ್ನು ರದ್ದು ಮಾಡುವ ಕೆಲಸ. ಇದನ್ನು ಬೇಡುವುದು ಎನ್ನಬಾರದು.

ಹಾಗಂತ ಬಯೋಡೇಟಾ ಚೆನ್ನಾಗಿ ಬರೆದರೆ ಬಾಗಿಲು ತಾನಾಗಿ ತೆರೆಯುತ್ತದೆ ಎಂದು ನಾವು ಸುಳ್ಳು ಹೇಳುವುದಿಲ್ಲ. ಬಾಬಾಸಾಹೇಬರಿಗಿಂತ ಹೆಚ್ಚು ಓದಿದವರು ಯಾರಿದ್ದರು? ಕೊಲಂಬಿಯಾದಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರೆ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಿಂದ ಹೊರದಬ್ಬಿದರು. ಮುಂಬೈಗೆ ಬಂದು ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಕೆಲಸ ಶುರುಮಾಡಿದರೆ, ಜಾತಿ ತಿಳಿದ ಕೂಡಲೇ ಗಿರಾಕಿಗಳು ಜಾಗ ಖಾಲಿ ಮಾಡಿದರು.

ಅದು ಹಳೇ ಕಾಲ ಎನ್ನುವವರು ಇದನ್ನು ಕೇಳಲಿ. ಸುಖದೇವ್ ಥೋರಟ್ ಮತ್ತು ಪಾಲ್ ಅಟವೆಲ್ ಎಂಬ ವಿದ್ವಾಂಸರು ಪತ್ರಿಕೆಯ ಜಾಹೀರಾತು ನೋಡಿ ಖಾಸಗಿ ಕಂಪನಿಗಳಿಗೆ ಅರ್ಜಿ ಕಳಿಸಿ ಪರೀಕ್ಷಿಸಿದರು. ಓದು ಒಂದೇ, ಅನುಭವ ಒಂದೇ, ಹೆಸರು ಮಾತ್ರ ಬೇರೆ. 2007ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಒಂದು ಭಾಗ ಕಡಿಮೆ. ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅರ್ಜಿಯಲ್ಲಿ ಬರೆದ ಸಾಮರ್ಥ್ಯ ಓದುವ ಮೊದಲೇ ಹೆಸರು ಓದುತ್ತಾರೆ. ಇದಕ್ಕೆ 'ಮೆರಿಟ್' ಎಂದು ಹೆಸರು! 

ಆದ್ದರಿಂದ ಒಬ್ಬೊಬ್ಬರೇ ಬರೆದರೆ ಸಾಲದು, ಒಟ್ಟಾಗಿ ಕಾಯಬೇಕು. ಸಂದರ್ಶನದ ಅಂಕಗಳ ಹೆಸರಲ್ಲಿ ಮನಸ್ಸಿಗೆ ಬಂದವರನ್ನು ಸೇರಿಸಿಕೊಳ್ಳುವ ಆಟವನ್ನು ಸುಪ್ರೀಂ ಕೋರ್ಟು ಕೂಡ ಕಂಡಿದೆ. ಕಾಲೇಜು ಪ್ರವೇಶದ ವಿಷಯದಲ್ಲಿ, 1981ರ ಅಜಯ್ ಹಾಸಿಯಾ ಪ್ರಕರಣದಲ್ಲಿ, ಮೌಖಿಕ ಸಂದರ್ಶನಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕ ಇಡಬಾರದು ಎಂದಿತು. ಸರ್ಕಾರಿ ಮತ್ತು ವಿಶ್ವವಿದ್ಯಾಲಯದ ನೇಮಕದಲ್ಲಿ ಅನುಮಾನ ಬಂದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ನಿಮ್ಮ ಅಂಕ ಕೇಳಿ. ಖಾಸಗಿ ಕಂಪನಿಗಳಲ್ಲಿ ಮೀಸಲಾತಿಯೂ ಇಲ್ಲ, ಕೇಳುವ ಕಿಟಕಿಯೂ ಇಲ್ಲ. ಅಲ್ಲಿಗೂ ಮೀಸಲಾತಿ ಬರಲಿ ಎಂಬ ಹೋರಾಟ ನಿಲ್ಲಕೂಡದು.

ಪ್ರತಿ ಹಾಸ್ಟೆಲಿನಲ್ಲೂ ಭಾನುವಾರ ಸಂಜೆ ಒಂದು ಗಂಟೆ ಇದಕ್ಕೆಂದೇ ಕೂರಿ. ಒಬ್ಬ ತಾನು ಮಾಡಿದ ಕೆಲಸ ಹೇಳಲಿ, ಉಳಿದವರು 'ಎಷ್ಟು? ಹೇಗೆ? ಆಮೇಲೆ ಏನಾಯ್ತು?' ಎಂದು ಕೆದಕಿ ಕೇಳಲಿ. ನಮ್ಮ ಕಣ್ಣಿಗೆ ಕಾಣದ ನಮ್ಮ ಸಾಮರ್ಥ್ಯ ಜೊತೆಯವರ ಕಣ್ಣಿಗೆ ಬೇಗ ಕಾಣುತ್ತದೆ. ಕೆಲಸ ಸಿಕ್ಕಿದ ಅಣ್ಣಂದಿರು, ಅಕ್ಕಂದಿರು ಆ ಒಂದು ಗಂಟೆಗೆ ಬಂದು ಕೂರುವುದು ಅವರ ಮೇಲಿರುವ ಸಾಲ. ಆ ಸಾಲ ತೀರಿಸದೆ ಊರಲ್ಲಿ ಫೋಟೋಕ್ಕೆ ಹಾರ ಹಾಕಿ ಹೋದರೆ ಬಾಬಾಸಾಹೇಬರು ಮೆಚ್ಚುವುದಿಲ್ಲ.

ಮುಂದಿನ ಅರ್ಜಿಯಲ್ಲಿ ಆ ಕಾಲಂ ಸಾಲದೆ ಹೋಗಿ ಇನ್ನೊಂದು ಹಾಳೆ ಅಂಟಿಸುವಂತಾಗಲಿ.

ಜೈಭೀಮ್.