ಸುರುಳಿಯೊಳಗಿನ ಮೆರವಣಿಗೆ



ಮೆರವಣಿಗೆ ಬಂತೆಂದರೆ ನೀವೆಲ್ಲ ಬೀದಿಗೆ ಓಡುತ್ತೀರಿ. ಅದು ಸಾಗಿಹೋದ ಮೇಲೆ ನೋಡಲು ಮೊಬೈಲಿನಲ್ಲಿ ವಿಡಿಯೊ ಇರುತ್ತದೆ. ಕ್ಯಾಮೆರಾವೇ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಈ ವಾರ ಆ ಕಥೆ ಹೇಳುತ್ತೇನೆ.

1558ರ ಸೆಪ್ಟೆಂಬರಿನಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಸ್ಪೇನಿನ ಯುಸ್ತೆ ಎಂಬಲ್ಲಿ ತೀರಿಕೊಂಡ. ಡಿಸೆಂಬರಿನಲ್ಲಿ ಅವನ ಮಗ ಎರಡನೆಯ ಫಿಲಿಪ್ ದೂರದ ಬ್ರಸೆಲ್ಸ್ ನಗರದಲ್ಲಿ ಭಾರಿ ಶವಯಾತ್ರೆ ನಡೆಸಿದ. ಸೋಜಿಗವೆಂದರೆ, ಆ ಶವಯಾತ್ರೆಯಲ್ಲಿ ಶವವೇ ಇರಲಿಲ್ಲ! ಅದು ಸ್ಪೇನಿನಲ್ಲೇ ಇತ್ತು. ಬ್ರಸೆಲ್ಸ್ ಬೀದಿಯಲ್ಲಿ ಸಾಗಿದ್ದು ಬಾವುಟಗಳಿಂದ ತುಂಬಿದ ದೊಡ್ಡ ಹಡಗು, ಚಕ್ರವರ್ತಿ ಆಳಿದ ನಾಡುಗಳ ಲಾಂಛನ ಹೊದ್ದ ಕುದುರೆಗಳು, ತಲೆಮುಸುಕಿನ ಉದ್ದನೆಯ ಶೋಕದ ನಿಲುವಂಗಿ ತೊಟ್ಟು ನಡೆದುಬಂದ ಮಗ.

ಮರುವರ್ಷ ಆಂಟ್‌ವರ್ಪ್ ನಗರದ ಮುದ್ರಕ ಪ್ಲಾಂಟಿನ್ ಇದನ್ನೆಲ್ಲ ಚಿತ್ರಗಳಾಗಿ ಅಚ್ಚುಹಾಕಿದ. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಆಮ್ಲಕ್ಕೆ ಒಡ್ಡುತ್ತಿದ್ದರು. ಗೀಚಿದ ಕಡೆ ಮಾತ್ರ ಆಮ್ಲ ತಾಮ್ರವನ್ನು ಕೊರೆಯುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ ಕಾಗದವನ್ನು ಬಲವಾಗಿ ಒತ್ತಿದರೆ ಚಿತ್ರ ಸಿದ್ಧ. ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಆದ್ದರಿಂದ ತಗಡಿನ ಮೇಲೆ ಎಲ್ಲವನ್ನೂ ತಿರುವುಮುರುವಾಗಿ ಬರೆಯಬೇಕು! ಹಾಳೆಗಳನ್ನು ಸಾಲಾಗಿ ಅಂಟಿಸಿದರೆ ಹತ್ತು ಮೀಟರಿಗೂ ಉದ್ದದ ಮೆರವಣಿಗೆ. ಬ್ರಸೆಲ್ಸಿಗೆ ಹೋಗದವರೂ ಅದನ್ನು ನೋಡಿದರು. ತಂದೆಯ ನಾಡುಗಳೆಲ್ಲ ಈಗ ಯಾರವು ಎಂಬುದೂ ಅವರಿಗೆ ತಿಳಿಯಿತು. ಫಿಲಿಪನಿಗೆ ಬೇಕಾದದ್ದೂ ಅದೇ ಎಂದು ನನ್ನ ಊಹೆ.

ನನಗೆ ಇನ್ನೂ ಇಷ್ಟವಾದದ್ದು ಇಂಗ್ಲೆಂಡಿನ ಒಂದು ಸುರುಳಿ. ರಣರಂಗದಲ್ಲಿ ಗಾಯಗೊಂಡು ಸತ್ತ ಕವಿ ಫಿಲಿಪ್ ಸಿಡ್ನಿಗೆ 1587ರಲ್ಲಿ ಲಂಡನ್ನಿನಲ್ಲಿ ರಾಜವೈಭವದ ಶವಯಾತ್ರೆ ನಡೆಯಿತು. ಎಲ್ಲರಿಗಿಂತ ಮುಂದೆ ನಡೆದವರು ಬಡವರು, ಅವನ ವಯಸ್ಸಿನಷ್ಟು ಮಂದಿ! ಥಾಮಸ್ ಲ್ಯಾಂಟ್ ಚಿತ್ರ ಬರೆದ, ಥಿಯೊಡೋರ್ ಡಿ ಬ್ರೈ ತಗಡಿನಲ್ಲಿ ಕೊರೆದ.

ಹಲವು ದಶಕಗಳ ಬಳಿಕ ಜಾನ್ ಆಬ್ರಿ ಎಂಬ ಒಂಬತ್ತು ವರ್ಷದ ಹುಡುಗ ತಂದೆಯ ಜೊತೆ ಗ್ಲಾಸ್ಟರ್ ಊರಿನ ಬಟ್ಟೆ ವ್ಯಾಪಾರಿಯೊಬ್ಬರ ಮನೆಗೆ ಹೋದ. ಅಲ್ಲಿ ಆ ಚಿತ್ರಗಳನ್ನು ಅಂಟಿಸಿ ಎರಡು ಕಡ್ಡಿಗಳಿಗೆ ಸುತ್ತಿದ್ದರು. ಒಂದನ್ನು ತಿರುಗಿಸಿದರೆ ಸಾಕು, ಜನ ಸಾಲಾಗಿ ನಡೆದುಹೋಗುತ್ತಿದ್ದರು! ಹುಡುಗ ಅದನ್ನು ಮುದುಕನಾದರೂ ಮರೆಯಲಿಲ್ಲ. ದೊಡ್ಡವನಾಗಿ ಅವನು ಮಾಡಿದ ಕೆಲಸವೇನು ಗೊತ್ತೇ? ತೀರಿಹೋದವರ ಬದುಕಿನ ಸಣ್ಣಪುಟ್ಟ ಸಂಗತಿಗಳು ಕಳೆದುಹೋಗದಂತೆ ಬರೆದಿಟ್ಟದ್ದು.

ರಜೆಯಲ್ಲಿ ನೀವೂ ಎರಡು ಕಡ್ಡಿ, ಉದ್ದನೆಯ ಕಾಗದ ಹುಡುಕಿ. ನಿಮ್ಮೂರಿನ ಮೆರವಣಿಗೆ ಬರೆಯಿರಿ. ಬಡವರನ್ನು ಬಿಡಬೇಡಿ.