ತಲೆಯ ಬಣ್ಣವೂ ಮನೆಯ ಬಾಗಿಲೂ



ದಕ್ಷಯಜ್ಞದಲ್ಲಿ ಸತೀದೇವಿಯು ದೇಹತ್ಯಾಗ ಮಾಡಿದ ವಾರ್ತೆಯನ್ನು ಕೇಳಿ ಪರಶಿವನು ತನ್ನ ಜಟೆಯೊಂದನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದನೆಂದೂ, ಅದರಿಂದ ವೀರಭದ್ರನು ಉದಯಿಸಿದನೆಂದೂ ಪುರಾಣಗಳು ಸಾರುತ್ತವೆ. ಆ ವೀರಭದ್ರೇಶ್ವರನು ಕೃಷ್ಣಾ ತೀರದ ಯಡೂರಿನಲ್ಲಿ ನೆಲೆಸಿದ್ದಾನೆ. ಜಟೆಯಿಂದ ಜನಿಸಿದ ದೇವರ ಊರಿನಲ್ಲಿ ಕೂದಲಿನ ವಿಚಾರ ಬಂದರೆ ಅದನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದು.

ಹಿಂದಿನ ಒಂದು ಅಮಾವಾಸ್ಯೆಯ ದಿನ ವೃದ್ಧ ಭಕ್ತರೊಬ್ಬರು ತಮ್ಮ ಮೊಮ್ಮಗನನ್ನು ಕರೆದುಕೊಂಡು ದರ್ಶನಕ್ಕೆ ಬಂದಿದ್ದರು. ಹುಡುಗನು ತಲೆಗೆ ಟೊಪ್ಪಿಗೆ ಹಾಕಿಕೊಂಡು ದೂರ ನಿಂತಿದ್ದ. ಅಜ್ಜ ಕೈಮುಗಿದು ಅಂದರು: “ಅಪ್ಪಾರ, ದೀಪಾವಳಿಗೆ ತಲಿ ಕೆಂಪ ಮಾಡಿಸಿಕೊಂಡಿದ್ದ. ಈಗ ಅದನ್ನ ನೀಲಿ ಮಾಡಸ್ಯಾನ. ವಿಭೂತಿ ಹಚ್ಚೂದನ್ನೂ ಬಿಟ್ಟಾನ್ರಿ. ಇಂವ ನಮ್ಮ ಮನ್ಯಾಗ ಬ್ಯಾಡ ಅಂತ ಹೇಳೇನಿ.”

ನಾವು ಹುಡುಗನನ್ನು ಹತ್ತಿರ ಕರೆದು ಟೊಪ್ಪಿಗೆ ತೆಗೆಸಿದೆವು. ಕೂದಲು ಪೂರ್ತಿ ನೀಲಿಯೂ ಆಗಿರಲಿಲ್ಲ, ಕೆಂಪೂ ಉಳಿದಿರಲಿಲ್ಲ. ನಡುನಡುವೆ ನೇರಳೆ, ಬುಡದಲ್ಲಿ ಹಳದಿ. ಹಣೆಯ ಮೇಲ್ಭಾಗ ಕೆಂಪಾಗಿ ಬಾತು, ಕಿವಿಯ ಹಿಂದೆ ಬೊಬ್ಬೆಗಳು ಎದ್ದಿದ್ದವು. “ವಿಭೂತಿ ಯಾಕ ಹಚ್ಚಿಲ್ಲಪ್ಪಾ?” ಎಂದೆವು. “ಹಚ್ಚಿದ್ರ ಉರೀತೈತ್ರಿ ಅಪ್ಪಾರ” ಎಂದು ಹುಡುಗ ತಲೆ ತಗ್ಗಿಸಿದ. ಮೊಮ್ಮಗ ಧರ್ಮ ಬಿಟ್ಟನೆಂದು ಅಜ್ಜ ತಿಳಿದಿದ್ದರು. ಅವನಿಗೆ ಗಾಯವಾಗಿದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿದ್ದರೂ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ.

ಆ ವೃದ್ಧರು ತರುಣರಾಗಿದ್ದಾಗ ಇಚಲಕರಂಜಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾಯಕ ಮಾಡಿದವರು. ಆದ್ದರಿಂದ ನಾವು ಅವರನ್ನೇ ಕೇಳಿದೆವು: “ಕೆಂಪು ನೂಲನ್ನು ನೀಲಿ ಮಾಡುವುದು ಹೇಗೆ?” ಅವರು ಕೂಡಲೇ ಉತ್ತರಿಸಿದರು: “ಕೆಂಪಿನ ಮ್ಯಾಲ ನೀಲಿ ಹಾಕಿದ್ರ ನೀಲಿ ಆಗೂದಿಲ್ರಿ, ನೇರಳಿ ಆಕೈತಿ. ಮೊದಲ ಹಳೇ ಬಣ್ಣ ತಗೀಬೇಕು. ತಗದಷ್ಟೂ ನೂಲು ಸವೀತೈತಿ.” ಮೊಮ್ಮಗ ಬಾಯಿತೆರೆದು ಕೇಳುತ್ತಿದ್ದ. ತನ್ನ ತಲೆಯ ಮೇಲೆ ನಡೆದದ್ದು ಅಜ್ಜನಿಗೆ ಇಷ್ಟು ಚೆನ್ನಾಗಿ ತಿಳಿದಿದೆ ಎಂದು ಅವನು ಎಣಿಸಿರಲಿಲ್ಲ.

ನೂಲಿನ ಧರ್ಮವೇ ಕೂದಲಿನ ಧರ್ಮವೂ ಆಗಿದೆ. ಕೂದಲಿನ ಹೊರಮೈ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಹೊದಿಸಿದ ಪದರಗಳಿಂದ ಕೂಡಿದೆ. ಅಮೋನಿಯಾದಂತಹ ಕ್ಷಾರವು ಆ ಹೆಂಚುಗಳನ್ನು ಎಬ್ಬಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಒಳಹೊಕ್ಕು ಮೆಲನಿನ್ ಎಂಬ ಸಹಜ ವರ್ಣವನ್ನು ಅಳಿಸುತ್ತದೆ. ಕಾರ್ಖಾನೆಗಳಲ್ಲಿ ಹತ್ತಿಯನ್ನು ಬೆಳ್ಳಗೆ ಮಾಡಲು ಬಳಸುವುದೂ ಇದೇ ದ್ರಾವಣ. ಕಪ್ಪು ಕೂದಲು ಮೊದಲು ಕೆಂಪಾಗಿ, ಅನಂತರ ಕಿತ್ತಳೆಯಾಗಿ, ಕೊನೆಗೆ ಹಳದಿಯಾಗುತ್ತದೆ. ಕಡುನೀಲಿ, ಕಡುಹಸಿರು, ಗುಲಾಬಿ ಮೊದಲಾದ ಬಣ್ಣಗಳು ಎದ್ದು ಕಾಣಬೇಕಾದರೆ ಇಂತಹ ತಿಳಿಹಳದಿಯ ನೆಲ ಬೇಕು. ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರಾಗುತ್ತದೆ, ಹಸಿರಿನ ಮೇಲೆ ಕೆಂಪು ಬಿದ್ದರೆ ಕೆಸರಿನ ಬಣ್ಣ ಬರುತ್ತದೆ. ಆದುದರಿಂದ ಬಣ್ಣ ಬದಲಿಸಿದಾಗಲೆಲ್ಲ ಮತ್ತೆ ಸುಲಿಯುವ ಕೆಲಸ ನಡೆಯುತ್ತದೆ. ನೂಲಿನ ಕೆಳಗೆ ಚರ್ಮವಿಲ್ಲ, ಮಗುವಿನ ಕೂದಲಿನ ಕೆಳಗೆ ಜೀವಂತ ಚರ್ಮವಿದೆ ಎಂಬುದಷ್ಟೇ ವ್ಯತ್ಯಾಸ.

ಇನ್ನು ಧರ್ಮದ ಮಾತು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಇವು ನಮ್ಮ ಅಷ್ಟಾವರಣಗಳು. ಇವುಗಳಲ್ಲಿ ಕೂದಲಿನ ಬಣ್ಣ ಎಲ್ಲಿಯೂ ಸೇರಿಲ್ಲ. ಕೂದಲನ್ನೇ ಉಡುಗೆಯಾಗಿ ಹೊದ್ದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಠಿಣವಾಗಿ ಪ್ರಶ್ನಿಸಿದರು. ಆದರೆ ಅವರು ಅಳೆದದ್ದು ಆಕೆಯ ಅನುಭಾವವನ್ನು. ಉತ್ತರ ಕೇಳಿದ ಮೇಲೆ ಶರಣಗಣವು ಆಕೆಯನ್ನು ಅಕ್ಕ ಎಂದು ಒಪ್ಪಿಕೊಂಡಿತು. ನಾವಾದರೋ ಪ್ರಶ್ನೆಯನ್ನೂ ಕೇಳದೆ ಬಾಗಿಲು ಹಾಕುತ್ತೇವೆ.

ಬಣ್ಣ ನಮ್ಮ ಸೀಮೆಗೆ ಹೊಸದೂ ಅಲ್ಲ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಎರಚಿದಾಗ ಮುದುಕರ ತಲೆಯೂ ಹಳದಿಯಾಗುತ್ತದೆ. ಅದು ನೀರು ಹಾಕಿದರೆ ಇಳಿಯುತ್ತದೆ. ಮದರಂಗಿಯೂ ಕೂದಲಿನ ಸಹಜ ವರ್ಣವನ್ನು ಕೀಳದೆ ಅದರ ಮೇಲೆ ತನ್ನ ಕೆಂಪನ್ನು ಕೂಡಿಸುತ್ತದೆ. ಸಹಜವಾದದ್ದನ್ನು ಕಿತ್ತು, ಅದು ಸುಧಾರಿಸಿಕೊಳ್ಳುವ ಮೊದಲೇ ಮತ್ತೆ ಕೀಳುವ ಆತುರವನ್ನು ಮಾತ್ರ ನಾವು ಒಪ್ಪುವುದಿಲ್ಲ. ದೇಹವು ಶಿವಪ್ರಸಾದ. ಪ್ರಸಾದವನ್ನು ಸುಡುವುದು ಸಲ್ಲದು.

ಅಷ್ಟು ಹೇಳಿದ ಮೇಲೆ ನಾವು ಅಜ್ಜನತ್ತ ತಿರುಗಿ, “ನಿಮಗೆ ಎಪ್ಪತ್ತು ದಾಟಿತು, ಮೀಸಿ ಇಷ್ಟು ಕಪ್ಪ ಹೆಂಗ ಉಳೀತು?” ಎಂದು ಕೇಳಿದೆವು. ಕುಳಿತವರೆಲ್ಲ ನಕ್ಕರು, ಅಜ್ಜನೂ ನಕ್ಕರು. ಹಿರಿಯರು ಇದನ್ನು ವಿಚಾರಿಸಬೇಕು. 1856ರಲ್ಲಿ ಪರ್ಕಿನ್ ಎಂಬ 18 ವರ್ಷದ ಆಂಗ್ಲ ತರುಣನು ಕಲ್ಲಿದ್ದಲ ಡಾಂಬರಿನಿಂದ ದೊರೆಯುವ ವಸ್ತುವಿನಿಂದ ನೇರಳೆ ಬಣ್ಣ ತೆಗೆದಂದಿನಿಂದ ಬೆಳೆದ ಬಣ್ಣಗಳ ವಂಶಕ್ಕೆ ನಮ್ಮ ಕಪ್ಪು ಬಣ್ಣವೂ ಸೇರಿದೆ. ಅಂತಹ ಅನೇಕ ಪೊಟ್ಟಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದು ಒಗ್ಗದೆ ಮುಖವೇ ಬಾತುಕೊಳ್ಳುತ್ತದೆ. ‘ಕಪ್ಪು ಮೆಹಂದಿ’ ಎಂದು ಮಾರುವುದರಲ್ಲಿಯೂ ಅದನ್ನು ಬೆರೆಸುವುದುಂಟು. ಹಚ್ಚುವ 48 ಗಂಟೆ ಮೊದಲು ಚರ್ಮದ ಮೇಲೆ ಒಂದಿಷ್ಟು ಹಚ್ಚಿ ಪರೀಕ್ಷಿಸಬೇಕೆಂಬ ಮಾತು ಅಜ್ಜನಿಗೂ ಮೊಮ್ಮಗನಿಗೂ ಒಂದೇ.

ತರುಣರಿಗೆ ನಮ್ಮ ಮಾತು ಇಷ್ಟು: ಒಂದು ಬಣ್ಣ ಬೇಸರವಾದರೆ ಅದು ತಾನಾಗಿ ಮಾಸುವವರೆಗೆ ತಾಳಿರಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಸುಟ್ಟ ಕೂದಲು ಮರಳಿ ಗುಣವಾಗದು, ಬುಡದಿಂದ ಹೊಸದು ಬರಬೇಕು. ಕ್ಷೌರ ಕಾಯಕದ ಹಡಪದ ಬಂಧುಗಳಿಗೂ ಒಂದು ಮಾತು: ನೀವು ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು ನೆನೆಯುವವರು. ಗಾಯವಾದ ತಲೆಗೆ ಬಣ್ಣ ಹಚ್ಚಲಾರೆ ಎನ್ನುವುದೂ ಕಾಯಕವೇ.

ಹಿರಿಯರಿಗೆ ಹೇಳಬೇಕಾದದ್ದು ದೊಡ್ಡದು. ತಲೆಯ ಬಣ್ಣ ನಾಲ್ಕು ತಿಂಗಳಲ್ಲಿ ಹೋಗುತ್ತದೆ. “ನೀ ಮನ್ಯಾಗ ಬ್ಯಾಡ” ಎಂಬ ಮಾತು ಮಗುವಿನ ಎದೆಯಿಂದ ನಲವತ್ತು ವರ್ಷವಾದರೂ ಹೋಗದು. ಮೊದಲು ಹತ್ತಿರ ಕೂಡ್ರಿಸಿಕೊಳ್ಳಿರಿ, ಹಣೆಯನ್ನು ನೋಡಿರಿ, ಆಮೇಲೆ ಬುದ್ಧಿ ಹೇಳಿರಿ.

ಹುಡುಗನಿಗೆ ವೈದ್ಯರಲ್ಲಿ ತೋರಿಸಲು ತಿಳಿಸಿ, ಗಾಯ ಮಾಯುವವರೆಗೆ ವಿಭೂತಿಯನ್ನು ಎದೆಗೂ ತೋಳಿಗೂ ಧರಿಸೆಂದು ಅಪ್ಪಣೆ ಕೊಟ್ಟೆವು. ಎರಡು ಅಮಾವಾಸ್ಯೆ ಕಳೆದ ಮೇಲೆ ಇಬ್ಬರೂ ಮತ್ತೆ ಬಂದರು. ಕೂದಲಿನ ತುದಿಯಲ್ಲಿ ನೇರಳೆ ಇನ್ನೂ ಇತ್ತು, ಬುಡದಲ್ಲಿ ಕಪ್ಪು ಮೂಡಿತ್ತು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಅಜ್ಜ ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿದರು. ಮೀಸೆಯ ವಿಚಾರವನ್ನು ನಾವು ಮತ್ತೆ ಕೇಳಲಿಲ್ಲ.

ಸರ್ವರಿಗೂ ಸನ್ಮಂಗಳವಾಗಲಿ.